ಅಟರ್‌ಕ್ಲಿಫ್‌ನ ಬಾವುಟದಂಗಡಿ

ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ
ಅದರ ಗೋದಾಮಿನಲ್ಲಿ ಮುಖ್ಬಿಲ್ ಸಾಹೇಬರು ಬಾವುಟ ಹೊಲಿಸುತ್ತಾರೆ.
ಶೆಫೀಲ್ಡಿನ ಚಳಿಗೆ ಮಷೀನಿನ ಎಣ್ಣೆ
ತುಪ್ಪದ ಹಾಗೆ ಹೆಪ್ಪುಗಟ್ಟುತ್ತದೆ.
ಬೆಳಿಗ್ಗೆ ಬಂದವಳು ಮೊದಲು
ಅದನ್ನು ಅಂಗೈಯಲ್ಲಿ ಹಿಡಿದು ಕೂರುತ್ತೇನೆ.

ಮೊದಲ ದಿನ ಬಣ್ಣವಷ್ಟೇ ಕಂಡಿತು.
ಕೆಂಪು, ಬಿಳಿ, ಕಪ್ಪು, ಹಸಿರು.
ನಾಲ್ಕು ಥಾನು ಬಟ್ಟೆಯಲ್ಲಿ ಇಷ್ಟೊಂದು ದೇಶ!
ಹದ್ದು ಕೂತರೆ ಈಜಿಪ್ಟು,
ಹದ್ದು ಹಾರಿಹೋದರೆ ಯೆಮನ್,
ನಡುವೆ ಹಸಿರಕ್ಷರ ಬಿದ್ದರೆ ಇರಾಕು.
ಅಕ್ಕತಂಗಿಯರು ಒಂದೇ ಥಾನಿನಲ್ಲಿ ಕುಪ್ಪಸ ಹೊಲಿಸಿಕೊಂಡು
ಆಮೇಲೆ ಮಾತು ಬಿಟ್ಟ ಹಾಗೆ.

ಸೌದಿಯದ್ದಕ್ಕೆ ಮಾತ್ರ ಎರಡು ಕೂಲಿ.
ಎರಡು ಬಟ್ಟೆ, ಬೆನ್ನಿಗೆ ಬೆನ್ನು ಕೂಡಿಸಬೇಕು;
ಯಾವ ಕಡೆಯಿಂದ ನೋಡಿದರೂ
ಬರಹ ಬಲದಿಂದಲೇ ಹೊರಡಬೇಕು.
‘ಗಾಳಿ ತಿರುಗಿತೆಂದು ಮಾತು ತಿರುಗಬಾರದು’
ಎಂದರು ಸಾಹೇಬರು, ಹಲ್ಲಿನಲ್ಲಿ ಗುಂಡುಸೂಜಿ ಕಚ್ಚಿಕೊಂಡು.
ಅವರ ಮೇಜಿನ ಖಾನೆಯಲ್ಲಿ
ನೀಲಿ ತ್ರಿಕೋನದ್ದೊಂದಿದೆ, ಏಡನ್ ಕಡೆಯದು.
ಆ ದೇಶ ಈಗಿಲ್ಲ.
ಮಡಿಕೆ ಬಿಚ್ಚುವುದಿಲ್ಲ,
ವರ್ಷಕ್ಕೊಮ್ಮೆ ನುಸಿಗುಳಿಗೆ ಬದಲಿಸುತ್ತಾರೆ.

ನನ್ನಪ್ಪ ಕುಷ್ಟಗಿಯ ತಾಲೂಕು ಕಚೇರಿ ಮುಂದೆ
ಬೇವಿನ ಮರದಡಿ ಅರ್ಜಿ ಬರೆಯುತ್ತಿದ್ದ.
ಖಾಲಿ, ವಸೂಲಿ, ತಕರಾರು, ಹಕ್ಕು, ಜಾಮೀನು, ಬಾಕಿ:
ಇವೆಲ್ಲ ಅಪ್ಪನವೇ ಮಾತು,
ಅವನ ಶಾಯಿಬಾಟಲಿಯಲ್ಲೇ ಹುಟ್ಟಿದವು ಎಂದುಕೊಂಡಿದ್ದೆ.
ಇಲ್ಲಿ ದೇರ್ ಎಜ್ಜೋರಿನ ಬುಶ್ರಾ
ದಾರದ ಡಬ್ಬಿ ಅಲ್ಲಾಡಿಸಿ ‘ಖಾಲಿ’ ಅಂದಾಗ
ಬರಿಗಾಲಲ್ಲಿ ಬೇವಿನ ಹಣ್ಣು ತುಳಿದ ಹಾಗಾಯಿತು.

ಕಲಿಸು ಎಂದೆ.
ಬಾವುಟಕ್ಕೆ ಅಲಂ. ಆದರೆ
ಮೊದಲಕ್ಷರ ಗಂಟಲಿನ ತಳದಿಂದ ಬರಬೇಕು,
ಕೊಡ ಸೇದುವಾಗ ಬಾವಿಯ ಕಲ್ಲಿಗೆ ಹಗ್ಗ ಉಜ್ಜಿದಂತೆ.
ನನ್ನದು ತುಟಿ ಹತ್ತಿರದ ಅ, ಬಳಪದ ಅ,
ಅಪ್ಪ ಅಮ್ಮ ಅರಸ ಅಗಸರ ಅ.
ಅದರಲ್ಲಿ ಅಲಂ ಎಂದರೆ ನೋವಂತೆ!
ಗೊತ್ತಿಲ್ಲದೆ ಸಂಜೆ ಲೆಕ್ಕ ಒಪ್ಪಿಸಿದೆ:
ಇವತ್ತು ಹದಿನಾಲ್ಕು ಅಲಂ.
ಬುಶ್ರಾ ನಕ್ಕಳು, ನಕ್ಕು ನಕ್ಕು ಕೆಮ್ಮಿದಳು.
‘ಹದಿನಾಲ್ಕು ನೋವೇ? ಅಂಚು ಮಡಚಿ ಹೊಲಿದೆಯಾ?’

ಆ ಡಿಸೆಂಬರಿನಲ್ಲಿ ಫೋನು ನಿಲ್ಲಲಿಲ್ಲ.
ಸಿರಿಯಾದವರಿಗೆಲ್ಲ ಬೇರೆಯದೇ ಬೇಕು, ನಾಳೆಗೇ ಬೇಕು.
ಮೇಲಿನ ಕೆಂಪು ಹೋಗಿ ಹಸಿರು,
ಎರಡು ಹಸಿರು ನಕ್ಷತ್ರ ಹೋಗಿ ಮೂರು ಕೆಂಪು.
ಮೂರು ರಾತ್ರಿ ನಾವು ಮಲಗಲಿಲ್ಲ.
ಬುಶ್ರಾ ಒಮ್ಮೆ ಅತ್ತಳು, ಒಮ್ಮೆ ಸಿಹಿ ಹಂಚಿದಳು,
ಯಾವುದು ಮೊದಲು ಎಂದು ನೆನಪಿಲ್ಲ.

ಹಳೆಯವು ನೂರಿಪ್ಪತ್ತು ಉಳಿದವು.
ಒಂದು ಮಧ್ಯಾಹ್ನ ಕತ್ತರಿ ತಂದು
ಅವಳೊಬ್ಬಳೇ ನಕ್ಷತ್ರ ಬಿಚ್ಚತೊಡಗಿದಳು.
‘ಬಿಚ್ಚಿದರೆ ಯೆಮನ್ ಆಗುತ್ತದಲ್ಲ, ಮಾರಬಹುದು.’
ನಿಜ. ಕೆಂಪು, ಬಿಳಿ, ಕಪ್ಪು, ನಡುವೆ ಏನಿಲ್ಲ.
ಸೂಜಿ ಹೋದ ತೂತು ಮಾತ್ರ ಮುಚ್ಚಲಿಲ್ಲ;
ಬೆಳಕಿಗೆ ಹಿಡಿದರೆ ಎರಡು ನಕ್ಷತ್ರ,
ಚುಕ್ಕಿ ಇಟ್ಟು ಗೆರೆ ಎಳೆಯದ ರಂಗೋಲಿ.

ಮುಖ್ಬಿಲ್ ಸಾಹೇಬರು ಒಂದನ್ನು ಕಿಟಕಿಗೆ ಹಿಡಿದರು.
ಬಹಳ ಹೊತ್ತು ಹಿಡಿದೇ ಇದ್ದರು.
‘ಬಾಕಿ’ ಅಂದರು.
ಅಪ್ಪನ ಬಾಕಿಯೋ ಅವರ ಬಾಕಿಯೋ,
ನಾನು ಕೇಳಲಿಲ್ಲ.
ಬೆಲೆಚೀಟಿಯಲ್ಲಿ ಒಂದು ಪೌಂಡು ಕಡಿಮೆ ಬರೆದು
ಆಚೆ ಕಪಾಟಿನಲ್ಲಿಟ್ಟರು.