ಲಾಭ, ಎರಡು, ಮೂರು

ಫರ್ಮಾಗುಡಿಯ ಗುಡ್ಡದ ಮೇಲೆ ನಮ್ಮ ಕಾಲೇಜು.
ವಾಸ್ಕೋದಿಂದ ಎರಡು ಬಸ್ಸು. ಎರಡನೆಯದರಲ್ಲಿ
ಸೀಟು ಸಿಕ್ಕರೆ ಮಾತ್ರ ಓದು.

ಮೊದಲ ಸೆಮಿಸ್ಟರು, ಮಂಗಳವಾರದ ಲ್ಯಾಬು.
ಪೆರ್ಪೆತುವಾ ಮೇಡಂ ಹಲಗೆಯ ಮೇಲೆ
ಐದು ಚೌಕ ಎಳೆದು, ಮೊದಲನೆಯದರ ಕೆಳಗೆ
ಸೊನ್ನೆ ಬರೆದರು. ಯಾಕೆ ಎಂದ
ಮಡಗಾಂವದ ಹುಡುಗನಿಗೆ
"ನಿಂತಲ್ಲೇ ಇರೋದಕ್ಕೆ ಎಷ್ಟು ಹೆಜ್ಜೆ ಬೇಕು?" ಎಂದರು.
ಅವನು ಕೂತ.

ನನಗೆ ಮಾತ್ರ ಅದು ಹೊಸದೆನಿಸಲಿಲ್ಲ.
ಖಾರೆವಾಡದ ಜೆಟ್ಟಿಯಲ್ಲಿ, ನಸುಕಿಗೆ,
ಬಂಗುಡೆ ಬುಟ್ಟಿ ಲಾರಿಗೆ ಎತ್ತಿಕೊಡುವಾಗ
ಅವ್ವ ಒಂದು ಅನ್ನುವುದೇ ಇಲ್ಲ.
ಲಾಭ, ಅನ್ನುತ್ತಾಳೆ. ಆಮೇಲೆ ಎರಡು, ಮೂರು.
ಗಜೇಂದ್ರಗಡದ ಕಣದಲ್ಲಿ ಜೋಳ ಅಳೆದ ಮಾತು,
ಇಲ್ಲಿ ಮೀನಿಗೂ ನಡೆಯುತ್ತದೆ.
ಸೊನ್ನೆ ಅಂದರೆ ಲಾಭ: ಪುಸ್ತಕದ ಅಂಚಿಗೆ
ಪೆನ್ಸಿಲಿನಲ್ಲಿ ಬರೆದುಕೊಂಡೆ.

ಐದು ಬುಟ್ಟಿಯ ತೂಕ. ಲಾಭದಿಂದ ಹಿಡಿದು
ಐದರವರೆಗೆ ಒಂದೊಂದೇ ತೆಗೆದು ಕೂಡಿಸು.
ಕಂಪೈಲರು ತುಟಿ ಪಿಟ್ಟೆನ್ನಲಿಲ್ಲ.
ಉತ್ತರ ಬಂತು:
ಮೂವತ್ತೆರಡು ಸಾವಿರದ ಒಂಬೈನೂರಾ ಆರು ಕಿಲೋ.
ಅಷ್ಟು ಮೀನು ಇಳಿದ ದಿನ
ಜೆಟ್ಟಿಯಲ್ಲಿ ನಾನಂತೂ ಕಂಡಿಲ್ಲ.

ಎರಡು ತಾಸು ಹುಡುಕಿದೆ, ಹೇನು ಹೆಕ್ಕಿದ ಹಾಗೆ,
ಒಂದೊಂದು ಸೆಮಿಕೋಲನ್ನು ಬಿಡಿಸಿ.
ಕ್ಯಾಂಟೀನಿನಲ್ಲಿ ಭಾಜಿ ಪಾವೂ ಮುಗಿದಿತ್ತು.

ರಾತ್ರಿ ಝುವಾರಿನಗರದ ಖೋಲಿಯಲ್ಲಿ
ಕೈಯ ನಾತ ಹೋಗಲೆಂದು ನಿಂಬೆ ತಿಕ್ಕುತ್ತ
ಅವ್ವ ಕೇಳಿಸಿಕೊಂಡಳು. ಎಷ್ಟು ತಿಳಿಯಿತೋ.
ನೆಲದ ಮೇಲೆ ಐದು ಸಿಪ್ಪೆ ಇಟ್ಟು
"ನಿಮ್ಮ ಸಾಲ್ಯಾಗಿನಂಗ ಎಣಸು" ಅಂದಳು.

ಸೊನ್ನೆ. ಒಂದು. ಎರಡು. ಮೂರು. ನಾಲ್ಕು.
ಸಿಪ್ಪೆ ಮುಗಿದವು.
ನನ್ನ ಬೆರಳು ರೂಢಿಗೆ ಬಿದ್ದು ಮುಂದೆ ಹೋಗಿ
ಬರೀ ನೆಲ ಮುಟ್ಟಿತು.

"ಐದನೇದು ಯಾರ್ದ?
ಮಂದಿ ಬುಟ್ಟ್ಯಾಗ ಕೈ ಹಾಕೀದಿ."

ಲಾಭ ಅಂದರೂ ಅವಳಿಗೆ ಅದು ಒಂದೇ,
ಹೆಸರಷ್ಟೇ ಒಳ್ಳೆಯದು. ನಾನು
ಹೆಸರನ್ನೇ ಲೆಕ್ಕ ಅಂದುಕೊಂಡಿದ್ದೆ.

ಬುಧವಾರ ಒಂದು ಸಮಚಿಹ್ನೆ ಅಳಿಸಿದೆ.
ನೂರಾ ನಲವತ್ತೆರಡು ಕಿಲೋ.
ಮೇಡಂ ಸಹಿ ಹಾಕಿದರು, ತಡವಾಗಿದ್ದಕ್ಕೆ
ಎರಡಂಕ ಕಳೆದು.

ಈ ವಾರ ವಿಂಗಡಣೆ. ಪಕ್ಕದ ಎರಡನ್ನು ಹೋಲಿಸಿ
ದೊಡ್ಡದನ್ನು ಒಂದು ಮನೆ ಮುಂದಕ್ಕೆ ತಳ್ಳು,
ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿಂದ.
ಅವ್ವನಿಗೆ ಅದನ್ನೂ ವಿವರಿಸಿದೆ.
ಸೀಗಡಿ ಒಂದು ಕಡೆ, ತಾರ್ಲಿ ಒಂದು ಕಡೆ
ನೋಡದೆಯೇ ಎಸೆಯುತ್ತಿದ್ದವಳು
ಕೈ ನಿಲ್ಲಿಸದೆ ಅಂದಳು:

"ಅಷ್ಟ್ರಾಗ ಬರ್ಫ ಕರಗಿ ಹೋಗತೈತಿ."