ಎಂಟು ಮಾರು

ಮೇ ತಿಂಗಳಾಗ ಹಿನ್ನೀರು ಹಿಂದ ಸರದಂಗ
ನಮ್ಮ ಕೆಲಸ ಮುಂದ ಹೊಕ್ಕೈತಿ.
ಹೆರಕಲ್ಲಿನ ದಂಡಿಗೆ, ಜಾಲಿಕಂಟಿ ದಾಟಿ,
ಹೆಜ್ಜಿ ಇಟ್ರ ಮೊಣಕಾಲ ನುಂಗೂ ರೇವಿಮಣ್ಣು.
ಬೀಳಗಿ ಊರಾಗ ಏಳೂ ಗ್ವಾಡಿ ಎಲ್ಲಾ
ಮೊದಲ ಇಲ್ಲಿ ಹಸೀದಾಗಿ ಮಕ್ಕೊಂಡಿರತಾವು.

ಇಲ್ಲಿ ನಾವಷ್ಟ ಅಲ್ಲ.
ಬೆಳಕು ಹರಿಯೂದ್ರಾಗ ನೀರನಾಯಿ ನಾಲ್ಕೈದು
ಆಪಿನ ಸಂದ್ಯಾಗಿಂದ ಬಂದು, ಮೀನ ಹಿಡದು ತಿಂದು,
ಮದವಿ ಊಟ ಮುಗಿಸಿದವರಂಗ ಮಾರಿ ಒರಸಿಕೋತಾವು.
ಬಣ್ಣದ ಕೊಕ್ಕರಿ ಕೆಸರಿನ್ಯಾಗ ಕೊಕ್ಕು ತಗದು ನಿಂತರ
ಯಾರೋ ಇಕ್ಕಳ ಮರತು ಹೋದಂಗ.
ರಾಜಹಂಸ ಹೋಗಿ ತಿಂಗಳಾತು.
ಸಮುದ್ರದ ದಂಡಿ ಉಪ್ಪಿನ ಕೆಸರಾಗ ಹುಟ್ಟಿದ್ವು ಅಂತಾರ,
ನಮ್ಮ ಸಪ್ಪನ ಕೆಸರಿಗೆ ಯಾಕ ಬರತಾವೋ
ಅವನ್ನ ಕೇಳಬೇಕು.
ನಾನರ ಇಲ್ಲಿಗೆ ಯಾಕ ಬಂದೆ, ಯಾರು ಕೇಳ್ಯಾರ?

ಮಸಳಿ ಮಾತ್ರ ಎಲ್ಲಿಗೂ ಹೋಗೂದಿಲ್ಲ.
ಸಾಲಾ ಕೊಟ್ಟವ ಕಟ್ಟಿಮ್ಯಾಲ ಕುಂತಂಗ
ಬಿಸಲಿಗೆ ಬಾಯಿ ತಗದು ಬಿದ್ದಿರತೈತಿ, ಅವಸರಿಲ್ಲದ.
ಹ್ವಾದ ವರ್ಷ ನೀಲಕಂಠನ ಆಡು ಒಯ್ತು.
ಕೊರಳಗಂಟಿ ಒಂದ ಸಲ ಬಾರಿಸ್ತು, ಆಮ್ಯಾಲ ನೀರು ಸಪಾಟ.
ಆವತ್ತಿಂದ ಕೊಡ ತುಂಬಾಕ ಇಬ್ಬಿಬ್ಬರು ಹೋಗತೀವಿ,
ಒಬ್ಬಾಕಿ ಬಗ್ಗಾಕ, ಒಬ್ಬಾಕಿ ನೋಡಾಕ.

ಮಂಗಳವಾರ. ಹೊತ್ತು ಇನ್ನೂ ಮಾರುದ್ದ ಏರಿದ್ದಿಲ್ಲ.
ಒಡ್ಡಿನ ಮಗ್ಗಲಿಗೆ ಸಲಕಿ ಹಾಕೀನಿ,
ಮಣ್ಣು ಮಾತಾಡ್ತು.
ಬುಟ್ಟಿ ತೆಳಗ ಡಬ್ಬಹಾಕಿದ ಕೋಳಿಮರಿ ಕೂಗಿದಂಗ,
ಅದಕ್ಕಿಂತ ದಪ್ಪ, ಗಂಟಲಾಗಿನ ಸದ್ದು.
ಒಂದು ಅಂದ್ರ ಇನ್ನೊಂದು, ಇನ್ನೊಂದು ಅಂದ್ರ ಹತ್ತು.
ಕಿವಿ ಹಚ್ಚಿದೆ. ಬೆಚ್ಚಗಿತ್ತು,
ಜ್ವರಾ ಬಂದ ಕೂಸಿನ ಬೆನ್ನಿನಂಗ.

ಹತ್ತು ಮಾರು ಆಚಿಗೆ ನೀರಿನ ಮ್ಯಾಲ
ಎರಡು ಉಬ್ಬು ಎದ್ವು. ಕಣ್ಣು.
ಆಕಿನೂ ಕೇಳಾಕತ್ತಿದ್ಲು.
ಇಷ್ಟು ದಿನ ಅದು, ಅದು ಅಂತಿದ್ದಾಕಿ ನಾ,
ಆವತ್ತ ಹೆಂಗೋ ಆಕಿ ಅಂದೆ.

ಟ್ರ್ಯಾಕ್ಟರಿನ ಲಾಲಸಾಬ ಇಳದು ಬಂದ, ಕೈಯಾಗ ಹಾರಿ.
"ಒಂದೊಂದೂ ನಾಳಿ ಒಂದೊಂದು ಆಡು ತಿಂತೈತಿ.
ಈಗ ಗೇಣುದ್ದ ಅದಾವು, ಒಂದ ಏಟಿನ ಮಾತು."
ಸುಳ್ಳಲ್ಲ ಅವ ಅಂದದ್ದು. ನನಗೂ ಎರಡು ಆಡು ಅದಾವು,
ಒಂದು ಗಬ್ಬ.
ಮುಕಾದಮ ಸಿದ್ರಾಯ ನೆರಳು ನೋಡಿದ, ಅಚ್ಚು ಎಣಿಸಿದ.
"ಕೂಲಿ ಸಾವಿರ ಇಟ್ಟಂಗಿಗೆ, ನಿಂತದ್ದಕ್ಕಲ್ಲ."
ನಾ ಏನ ಧರ್ಮಾ ಹೇಳಲಿಲ್ಲ.
ಸಲಕಿ ನೆಟ್ಟು ಅದರ ಮುಂದ ಕುಂತೆ.
ಕಾಲಾಗ ನಡುಕ ಇತ್ತು, ನಿಂತಿದ್ರ ಕಾಣತಿತ್ತು.

ಬಲಿ ಒಣಹಾಕಾಕ ಬಂದ ಬಾಳಕ್ಕ ಅಂಬಿಗೇರ
ನೋಡಿ ನಕ್ಕಬಿಟ್ಲು:
"ಸರಿಯ ಹುಚ್ಚಿ, ಆಕಿ ಬರೂ ದಾರಿಮ್ಯಾಲ ಕುಂತಿ."

ಎದ್ದೆ. ಎಲ್ಲಾರೂ ಎದ್ರು.
ಬಾಳಕ್ಕ ಕೈಚಾಚಿ ಎಂಟು ಮಾರು ಅಳದ್ಲು,
ಆ ಎಂಟು ಮಾರು ಬಿಟ್ಟು ಮಣ್ಣು ತಗದಿವಿ.

ರಾತ್ರಿ ಭಟ್ಟಿಬೆಂಕಿ ಬೆಳಕಿನ್ಯಾಗ ಕೆರಿಯೂ ಸದ್ದು, ಸಾವಕಾಶ.
ನಾನು, ಮಗಳು ರೇಣವ್ವ, ರವದಿ ಬಣವಿ ಹತ್ತಿ ನೋಡಿದಿವಿ.
ಆಡಿನ ಎಲಬು ಮುರದ ಬಾಯಿ, ಅದ ಬಾಯಿ,
ಒಡೀಲಾರದ ತತ್ತಿ ನಾಲಿಗಿಮ್ಯಾಲ ಹೊಳ್ಳಿಸಿ ಹೊಳ್ಳಿಸಿ
ಹಲ್ಲಿಗೂ ಗೊತ್ತಾಗದಂಗ ಸೀಳ್ತು.
ಮರಿ ಬಾಯಾಗ ತುಂಬಿಕೊಂಡು ನೀರಿಗೆ ಹೋತು,
ಬಂತು, ಹೋತು.
ರೇಣವ್ವ ಏಳರ ತನಕಾ ಎಣಿಸಿದ್ಲು, ಆಮ್ಯಾಲ ನಿದ್ದಿ.

ಆ ವಾರ ನನ್ನ ಲೆಕ್ಕದಾಗ ಎಂಟುನೂರು ಇಟ್ಟಂಗಿ ಕಮ್ಮಿ.
ಸಿದ್ರಾಯ ಬರಕೊಂಡ, ನಾ ಹೆಬ್ಬಟ್ಟು ಒತ್ತಿದೆ.
"ನಿನ್ನ ಆಡು ಹೋದಾಗ ನನ್ನ ಕರೀಬ್ಯಾಡ" ಅಂತಾನ ಲಾಲಸಾಬ.
ಕರಿಯೂದಿಲ್ಲ. ಸಂಜಿಕ ಎಣಿಸಿ ಕಟ್ಟತೀನಿ:
ಒಂದು, ಎರಡು, ಹೊಟ್ಟ್ಯಾಗಿಂದು ಮೂರು.

ಕಾರಹುಣ್ಣಿವಿ ಕಳೀತು, ನೀರು ಏರಿ ಎಂಟು ಮಾರೂ ಮುಳುಗಿದ್ವು.
ಕೊಡ ತುಂಬಾಕ ಈಗೂ ಇಬ್ಬಿಬ್ಬರ ಹೋಗತೀವಿ.
ನೋಡೂ ಪಾಳಿ ನನ್ನದಿದ್ರ
ಕೊಡ ತುಂಬಿದ ಮ್ಯಾಲೂ
ಸ್ವಲ್ಪ ಹೊತ್ತು ನೋಡತೀನಿ.