ಮೀನು ಹರಾಜಿನ ಗುಮಾಸ್ತೆಯ ಹೇಳಿಕೆ

ಹೌದು, ಕೊನೆಗೆ ಮುಟ್ಟಿದ್ದು ನಾನೇ.
ಬೆರಳ ಗುರುತು ಬೇಕಿದ್ದರೆ ತೆಗೆದುಕೊಳ್ಳಿ,
ಬೂತಾಯಿಯ ಹುರುಪೆ ಅಂಟಿರುತ್ತದೆ,
ಎಷ್ಟು ತೊಳೆದರೂ ಹೋಗದು.

ಎರಡು ವಾರದಿಂದ ಆ ನೀಲಿ ಚೌಕ ಬರುತ್ತಿತ್ತು
ಪರದೆಯ ಮೂಲೆಗೆ,
ಸಾಲ ಕೇಳಲು ಬಂದ ನೆಂಟನ ಹಾಗೆ ನಗುತ್ತ:
ಹೊಸದು ಸಿದ್ಧವಾಗಿದೆ. ಈಗಲೋ, ಇಂದು ರಾತ್ರಿಯೋ?
ಬೇಡ ಅನ್ನುವುದಕ್ಕೆ ಜಾಗವೇ ಇಟ್ಟಿರಲಿಲ್ಲ.
ತುದಿಯಲ್ಲಿದ್ದ ಗುಣಾಕಾರದ ಗುರುತು ಒತ್ತಿ ಮುಚ್ಚಿದೆ.
ಬಾಗಿಲು ಮುಚ್ಚಿದರೆ ಒಳಗೆ ಬನ್ನಿ ಎಂದರ್ಥವಂತೆ.
ಯಾವ ಸೀಮೆಯ ಮಾತು ಅದು?
ನಮ್ಮ ಗಲೀಸಿಯಾದ್ದಂತೂ ಅಲ್ಲ.

ಬೆಳಗಿನ ಜಾವ ನಾಲ್ಕೂ ಹತ್ತು.
ಒಂಬತ್ತು ದೋಣಿ ಕಟ್ಟೆಗೆ ಬಂದಿದ್ದವು,
ಸಬೇಲಾಳ ಗಂಡನದು ಮೊದಲು, ನೂರ ಹನ್ನೆರಡು ಪೆಟ್ಟಿಗೆ.
ತೂಕದ ಯಂತ್ರ ಕಂಪ್ಯೂಟರನ್ನು ಮಾತಾಡಿಸಿತು.
ಯಾರು ನೀನು, ಗುರುತು ಸಿಗಲಿಲ್ಲ, ಅಂದಿತು ಅದು.
ಹನ್ನೊಂದು ವರ್ಷ ಒಂದೇ ಮೇಜಿನ ಮೇಲೆ ಕೂತವರು!
ಪರದೆಯಲ್ಲಿ ಚುಕ್ಕೆಗಳು ಸುತ್ತುತ್ತಿದ್ದವು.
ಆಫ್ ಮಾಡಬೇಡಿ ಎಂದು ಬರೆದಿತ್ತು, ಬಹಳ ಮರ್ಯಾದೆಯಿಂದ.
ಮಂಜುಗಡ್ಡೆ ಮಾತ್ರ ಯಾರ ಅಪ್ಪಣೆಗೂ ಕಾಯದೆ
ನನ್ನ ಬೂಟಿನೊಳಕ್ಕೆ ಇಳಿಯುತ್ತಿತ್ತು.

ಫೋನು ಮಾಡಿದೆ.
ನಲವತ್ತು ನಿಮಿಷ ಪಿಯಾನೊ ಕೇಳಿಸಿದ ಮೇಲೆ ಒಂದು ಸಿಹಿ ದನಿ:
ನಮ್ಮದು ಸರಿಯಾಗಿಯೇ ಇದೆ ಮೇಡಂ,
ತೂಕದ ಯಂತ್ರಕ್ಕೆ ಹೊಸ ಡ್ರೈವರ್ ಬೇಕು.
ಕೇಳಿಸಿಕೊಂಡ ಬ್ರೈಸ್ ಲಾರಿಯಿಂದಿಳಿದು ಬಂದ:
ನನ್ನನ್ನು ಕರೆದಿರಾ?
ನಕ್ಕವಳು ನಾನೊಬ್ಬಳೇ. ಅದನ್ನೂ ಸೇರಿಸಿ,
ಮುಂದೆ ಯಾರಾದರೂ ಹೇಳಿಯೇ ಹೇಳುತ್ತಾರೆ.
ಆರೂವರೆಗೆ ಅವನ ಲಾರಿ ಮ್ಯಾಡ್ರಿಡ್‌ಗೆ ಹೋಯಿತು, ಖಾಲಿ.

ತೂಕದ ಯಂತ್ರ ಮಾಡಿದವರು ವೀಗೊದಲ್ಲಿದ್ದರು.
ಈಗ ಆ ಅಂಗಡಿಯಲ್ಲಿ ಹಾಸಿಗೆ ಮಾರುತ್ತಾರೆ.
ಇಂಟರ್‌ನೆಟ್ಟಿಗೆ ಜೋಡಿಸು ಅಂದವರು ಇಲಾಖೆಯವರು.
ಲೆಕ್ಕ ಕೇಳಿದ್ದು ನಿಜ, ಅಂದರು ಅವರು,
ಯಾವುದರಲ್ಲಿ ಲೆಕ್ಕ ಹಾಕಬೇಕು ಅಂತ ನಾವು ಹೇಳಿದೆವೆ?
ಇನ್ನು ಸಂಘದವರು, ನೀವು,
ಹಳೆಯದೇ ಸಾಕು ಎಂದು ಮೂರು ವರ್ಷ ದುಡ್ಡು ಉಳಿಸಿದವರು,
ಈಗ ಮೇಜಿನ ಆಚೆ ಸಾಲಾಗಿ ಕೂತು
ಕುಣಿಯಲಾರದವಳು ನೆಲ ಡೊಂಕು ಅಂದಳು
ಅನ್ನುತ್ತಿದ್ದೀರಿ.
ಸ್ವಾಮಿ, ನಾನು ಕುಣಿಯುತ್ತಲೇ ಇದ್ದೆ.
ಕುಣಿಯುವಾಗಲೇ ಕಾಲಡಿಯ ನೆಲ ಬದಲಿಸಿದ್ದು ಯಾರು?

ಮುದುಕ ಅಮಾರೊ ನೆನಪಿದ್ದಾನೆಯೆ?
ಕಬ್ಬಿಣದ ತಕ್ಕಡಿ, ಕಿವಿಯ ಮೇಲೆ ಸೀಸದ ಕಡ್ಡಿ.
ಸಾಧುವೇನಲ್ಲ ಅವನು,
ತಟ್ಟೆಯಂಚಿಗೆ ಹೆಬ್ಬೆರಳು ಊರುತ್ತಿದ್ದ,
ಪೆಟ್ಟಿಗೆಗೆ ಇನ್ನೂರು ಗ್ರಾಂ. ಇಡೀ ಬಂದರಿಗೆ ಗೊತ್ತಿತ್ತು.
ನನ್ನ ಅಮ್ಮ ಒಮ್ಮೆ ಅವನ ಮನೆಗೇ ನುಗ್ಗಿ
ಊಟದ ಮೇಜಿನ ಮೇಲೆ ಒಂದು ಅಷ್ಟಪದಿ ಎಸೆದಳು,
ಈಗ ತೂಗು ನೋಡೋಣ ಅಂದಳು.
ಅವನು ತೂಗಿದ. ಕಿವಿ ಕೆಂಪಾಗಿತ್ತು.
ಆ ಹೆಬ್ಬೆರಳಿಗೆ ಒಂದು ವಿಳಾಸವಿತ್ತು, ಅಷ್ಟೆ ನಾನು ಹೇಳುವುದು.
ಈ ನೀಲಿ ಚೌಕದ ಮನೆ ಎಲ್ಲಿ?
ಅಷ್ಟಪದಿ ಹಿಡಿದು
ನಾನು ಯಾರ ಮೆಟ್ಟಿಲು ಹತ್ತಲಿ?

ಆ ದಿನ ಅದೇ ತಕ್ಕಡಿ ಗೋದಾಮಿನಿಂದ ಎಳೆದು ತಂದೆವು.
ತುಕ್ಕು. ಮುಳ್ಳು ಎಡಕ್ಕೇ ವಾಲುತ್ತಿತ್ತು.
ಅರ್ಧ ಮೀನು ಅಷ್ಟರಲ್ಲಿ ಬೆಕ್ಕಿಗೂ ಬೇಡವಾಗಿತ್ತು.
ಸಬೇಲಾ ನನ್ನ ಮುಖ ನೋಡದೆ ಪೆಟ್ಟಿಗೆ ತೊಳೆದಳು,
ಇವತ್ತಿಗೂ ನೋಡುತ್ತಿಲ್ಲ.
ಎಲ್ಲ ಹೊಣೆಗಿಂತ ಅದು ಭಾರ,
ಅದಕ್ಕೆ ನಿಮ್ಮಲ್ಲಿ ಕಲಮು ಇಲ್ಲ.

ಹೊಣೆಗಾರರು ಎಂಬಲ್ಲಿ ಒಂದು ಹೆಸರು ಬೇಕೇ ಬೇಕಾದರೆ
ಬರೆಯಿರಿ: ಉಶಿಯಾ ಲೌರೇಡೊ, ದೀಪಸ್ತಂಭದ ಓಣಿ, ಮೂರನೆಯ ಬಾಗಿಲು.
ತಟ್ಟಿದರೆ ತೆರೆಯುತ್ತೇನೆ,
ಬೈಯಲು ಬಂದವರಿಗೂ ಕುರ್ಚಿ ಹಾಕುತ್ತೇನೆ.
ನನ್ನ ಹೆಸರಿನ ಕೆಳಗೆ ಮಾತ್ರ ನಾಲ್ಕು ಸಾಲು ಖಾಲಿ ಬಿಡಿ.

ಒಂದು ನಿಮಿಷ, ಕಾರ್ಯದರ್ಶಿಗಳೆ,
ಇದನ್ನೆಲ್ಲ ಬೆರಳಚ್ಚಿಸುತ್ತಿದ್ದೀರಲ್ಲ,
ನಿಮ್ಮ ಪರದೆಯ ಬಲ ಮೂಲೆಯಲ್ಲಿ ಅದೇನು, ನೀಲಿಯಾಗಿ?
ಮುಟ್ಟಬೇಡಿ.
ಮುಚ್ಚಲೂ ಬೇಡಿ.
ಯಾರ ಹತ್ತಿರವಾದರೂ ಒಂದು ಸೀಸದ ಕಡ್ಡಿ ಇದೆಯೆ?